ಫಾರ್ವರ್ಡ್ ಬಂದ ‘ಮದ್ದು’: ಮನೆಯ ಮಕ್ಕಳಿಗೆ ಸುಳ್ಳು ಪತ್ತೆ ಕಲಿಸುವುದು ಹೇಗೆ?

ಹೈದರಾಬಾದಿನ ನಾಚಾರಂನಂಥ ಕಡೆ ನೆಲೆಸಿದ ಕನ್ನಡ ಕುಟುಂಬದ ಫೋನಿಗೆ ಆರೋಗ್ಯದ ಸಂದೇಶಗಳು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಬರಬಹುದು. ‘ಇದು ನಿಜವೇನೋ ನೋಡು’ ಎಂದು ಹಿರಿಯರು ಕೇಳುವುದು ಹೆಚ್ಚಾಗಿ ಹೈಸ್ಕೂಲು ಓದುವ ಮಗನನ್ನೋ ಮಗಳನ್ನೋ. ಆ ಮಕ್ಕಳಿಗೆ ಇದನ್ನು ಯಾರು ಕಲಿಸಿದ್ದಾರೆ?

ಅರ್ಧ ಸತ್ಯದ ಅಪಾಯ

2024ರ ನವೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು, ಪತ್ನಿಯ ನಾಲ್ಕನೇ ಹಂತದ ಕ್ಯಾನ್ಸರ್ ಗುಣವಾಗಲು ಬೇವು, ಅರಿಸಿನ, ನಿಂಬೆನೀರಿನ ಪಥ್ಯ ನೆರವಾಯಿತು ಎಂದರು. ಆಕೆಗೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿ ಕೂಡ ಆಗಿತ್ತು. ಪಥ್ಯದ ಮಾತಷ್ಟೇ ಕೇಳಿದವರಿಗೆ ಇದು ಗೊತ್ತಾಗುವುದಿಲ್ಲ. ಇಂಥ ಮಾತು ನಂಬಿ ಚಿಕಿತ್ಸೆ ತಡಮಾಡಬೇಡಿ ಎಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ ಮತ್ತು ಮಾಜಿ ವೈದ್ಯರು ಸೇರಿ 262 ಕ್ಯಾನ್ಸರ್ ತಜ್ಞರು ಹೇಳಿಕೆ ನೀಡಬೇಕಾಯಿತು.

ಆಟವೇ ಲಸಿಕೆ?

2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ‘ಬ್ಯಾಡ್ ನ್ಯೂಸ್’ ಎಂಬ ಆನ್‌ಲೈನ್ ಆಟ ತಂದರು. ಇದರಲ್ಲಿ ಆಡುವವರೇ ಸುಳ್ಳು ಸುದ್ದಿ ಹರಡುವವರು. ಭಯ ಹುಟ್ಟಿಸುವುದು, ತಜ್ಞರ ಸೋಗು ಹಾಕುವುದು ಮುಂತಾದ ತಂತ್ರಗಳನ್ನು ತಾವೇ ಬಳಸಿ ನೋಡುತ್ತಾರೆ. ದುರ್ಬಲಗೊಳಿಸಿದ ರೋಗಾಣುವಿನಿಂದ ದೇಹ ರಕ್ಷಣೆ ಕಲಿಯುವಂತೆ, ಮನಸ್ಸು ಮೋಸದ ಗುರುತು ಕಲಿಯಲಿ ಎಂಬುದು ಆಶಯ.

ಆದರೆ ಒಂದು ಎಚ್ಚರಿಕೆ. ಇಂಥ ಆಟಗಳ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿದ ಸಂಶೋಧಕರು 2023ರಲ್ಲಿ ಹೇಳಿದ್ದು ಬೇರೆ: ಆಡಿದವರು ಸುಳ್ಳನ್ನಷ್ಟೇ ಅಲ್ಲ, ನಿಜವನ್ನೂ ಅನುಮಾನಿಸಬಹುದು. ರೋಗಿಯ ಮನೆಯಲ್ಲಿ ವೈದ್ಯರ ಮಾತನ್ನೂ ನಂಬದ ಸ್ಥಿತಿ ಒಳ್ಳೆಯದಲ್ಲ.

ಬಿಹಾರದ ಪಾಠ

ಬಿಹಾರದ 583 ಹಳ್ಳಿಗಳ 13,500ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ, ಆರೋಗ್ಯದ ತಪ್ಪು ಮಾಹಿತಿ ಗುರುತಿಸುವ ನಾಲ್ಕು ತರಗತಿಗಳನ್ನು ನಡೆಸಲಾಯಿತು. ಕಲಿತವರು ನಿಜ–ಸುಳ್ಳನ್ನು ಉತ್ತಮವಾಗಿ ಬೇರ್ಪಡಿಸಿದರು. ನಾಲ್ಕು ತಿಂಗಳ ನಂತರವೂ ಪರಿಣಾಮ ಉಳಿದಿತ್ತು. ತರಗತಿಗೆ ಬಾರದ ತಂದೆತಾಯಿಯರಲ್ಲೂ ಅದು ಕಂಡಿತು. ಮಕ್ಕಳು ಕಲಿತದ್ದು ಮನೆಗೂ ತಲುಪಿತ್ತು.

ನೀವು ಏನು ಮಾಡಬಹುದು?

• ಫೋನಿಗೆ ಬಂದ ಐದಾರು ಸಂದೇಶ ಆರಿಸಿ. ಎರಡಾದರೂ ನಿಜವಾಗಿರಲಿ.

• ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಹೇಳಿದವರು ಯಾರು? ಬಿಟ್ಟದ್ದು ಏನು? ನಂಬಿದರೆ ಲಾಭ ಯಾರಿಗೆ?

• ಉತ್ತರ ನೀವು ಹೇಳಬೇಡಿ. ಮೂಲ ಹುಡುಕುವ ಕೆಲಸ ಮಕ್ಕಳಿಗೇ ಬಿಡಿ.

• ಗೊತ್ತಾಗದಿದ್ದರೆ ‘ಗೊತ್ತಿಲ್ಲ’ ಎನ್ನುವುದೂ ಸರಿಯುತ್ತರವೇ. ಅಂಥ ಸಂದೇಶವನ್ನು ಮುಂದೆ ಕಳಿಸಬೇಡಿ, ವೈದ್ಯರಿಗೆ ತೋರಿಸಿ.

ಅಲ್ಲಿಯವರೆಗೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.