ಗೃಹಯಂತ್ರ ವಿಚಾರ: ಪರದೆಯ ಚಿತ್ರವು ಪಕ್ಕಕ್ಕೆ ಸರಿದಾಗ

ಹೊಸತಾಗಿ ಕೊಂಡ ಗಣಕಯಂತ್ರವು ಮನೆಗೆ ಬಂದ ದಿವಸವೇ ಕೈಕೊಟ್ಟಿತೆಂದರೆ ಗೃಹಸ್ಥನಿಗಾಗುವ ವ್ಯಾಕುಲವನ್ನು ಬಣ್ಣಿಸಬೇಕಾಗಿಲ್ಲ. ಹಣ ಹೋಯಿತೆಂಬ ಕಳವಳ ಒಂದು ಕಡೆ. ಕೈಯಿಟ್ಟು ಕೆಡಿಸಿದವರಾರೆಂಬ ವಿಚಾರಣೆ ಇನ್ನೊಂದು ಕಡೆ. ಅಂತಹ ಪ್ರಸಂಗವೊಂದು ನಮ್ಮ ಬೂಕನಕೆರೆಯಲ್ಲಿ, ನೆರೆಮನೆಯಲ್ಲಿಯೇ ಒದಗಿದ್ದರಿಂದ ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇನೆ.

ನೆರೆಮನೆಯ ಯಜಮಾನರು ಕಬ್ಬಿನ ಹಣ ಕೈಸೇರಿದೊಡನೆ, ಮಗಳ ಓದಿಗೆಂದು ಕೃಷ್ಣರಾಜಪೇಟೆಯಿಂದ ಗಣಕಯಂತ್ರವನ್ನು ತಂದರು. ಖರ್ಚು ಉಳಿಯಲೆಂದು ಮಾನಿಟರನ್ನು ಕೊಳ್ಳದೆ, ಬಂಧುಗಳಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಹಳೆಯ ಚಪ್ಪಟೆ ಮಾನಿಟರನ್ನು ತರಿಸಿಕೊಂಡರು. ಮಗಳು ತಂತಿಗಳನ್ನು ಜೋಡಿಸಿದಳು. ಯಂತ್ರವೇನೋ ನಡೆಯಿತು, ಆದರೆ ಚಿತ್ರವೆಲ್ಲವೂ ಎರಡು ಬೆರಳಿನಷ್ಟು ಬಲಕ್ಕೆ ಸರಿದು, ಎಡದಲ್ಲಿ ಕಪ್ಪು ಪಟ್ಟಿಯನ್ನು ಬಿಟ್ಟು, ಬಲದ ಅಂಚು ಕಣ್ಣಿಗೆ ಕಾಣದಂತಾಯಿತು. ಮರುದಿನವೇ ಪ್ರವೇಶ ಪರೀಕ್ಷೆಯ ಅರ್ಜಿಗೆ ಕಡೆಯ ದಿನ. ಅರ್ಜಿಯನ್ನು ಮುಂದಕ್ಕೆ ಕಳುಹಿಸುವ ಗುಂಡಿಯಾದರೋ ಆ ಕಾಣದ ಅಂಚಿನಲ್ಲಿಯೇ ಸೇರಿಕೊಂಡಿದ್ದಿತು.

ರಾತ್ರಿ ಎಂಟು ಗಂಟೆಯ ಸುಮಾರಿಗೆ ಯಜಮಾನರು ನಮ್ಮ ಜಗಲಿಗೆ ಬಂದು, "ಮೇಷ್ಟ್ರೇ, ಇವಳು ಏನೋ ಮಾಡಿ ಹೊಸ ಯಂತ್ರವನ್ನು ಕೆಡಿಸಿಬಿಟ್ಟಳು. ಬೆಳಗ್ಗೆ ಮೊದಲನೆಯ ಬಸ್ಸಿಗೆ ಹೊತ್ತುಕೊಂಡು ಹೋಗಿ ಹಿಂದಕ್ಕೆ ಕೊಟ್ಟುಬಿಡುತ್ತೇನೆ" ಎಂದರು. ನಾನು ಹೋಗಿ ನೋಡಿದಾಗ ಹುಡುಗಿಯು ಕಂಬಕ್ಕೊರಗಿ ಕಣ್ಣೊರಸಿಕೊಳ್ಳುತ್ತಿದ್ದಳು. "ತಾತ, ನಾನು ತಂತಿ ಸಿಕ್ಕಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಆಟೋ ಎಂಬ ಗುಂಡಿಯನ್ನು ಒತ್ತಿದೆ, ಅದರಿಂದಲೂ ಸರಿಹೋಗಲಿಲ್ಲ" ಎಂದಳು.

ಇಂತಹ ವೇಳೆಯಲ್ಲಿ ಮೊದಲು ತಿಳಿಯತಕ್ಕದ್ದು, ದೋಷವು ಯಂತ್ರದಲ್ಲಿದೆಯೋ ಮಾನಿಟರಿನಲ್ಲಿದೆಯೋ ಎಂಬುದು. ಅದಕ್ಕೆ ಎರಡು ಸುಲಭ ಪರೀಕ್ಷೆಗಳುಂಟು. ಒಂದನೆಯದು: ಕೀಲಿಮಣೆಯ 'ಪ್ರಿಂಟ್ ಸ್ಕ್ರೀನ್' ಕೀಲಿಯಿಂದ ಪರದೆಯ ಪ್ರತಿಯನ್ನು ತೆಗೆದು, ಚಿತ್ರ ಬರೆಯುವ 'ಪೇಂಟ್' ಎಂಬ ಸಾಧನದಲ್ಲಿ ಅಂಟಿಸಿ, ಕಿರಿದುಮಾಡಿ ನೋಡಬೇಕು. ಆ ಪ್ರತಿಯಲ್ಲಿ ಬಲಮೂಲೆಯ ಗಡಿಯಾರವೂ ಸೇರಿ ಎಲ್ಲವೂ ಪೂರ್ಣವಾಗಿದ್ದರೆ, ಯಂತ್ರವು ಚಿತ್ರವನ್ನು ಲೋಪವಿಲ್ಲದೆ ರಚಿಸುತ್ತಿದೆಯೆಂದೇ ಅರ್ಥ. ಎರಡನೆಯದು: ಮಾನಿಟರಿನ 'ಮೆನು' ಗುಂಡಿಯನ್ನು ಒತ್ತಬೇಕು. ಆಗ ಮೂಡುವ ಪಟ್ಟಿಯನ್ನು ಮಾನಿಟರು ತಾನೇ ಬರೆಯುತ್ತದೆ. ಅದು ತನ್ನ ಸ್ಥಾನದಲ್ಲಿ ನೆಟ್ಟಗೆ ನಿಂತರೆ ಗಾಜಿಗೂ ಕೇಡಿಲ್ಲ. ನಮ್ಮಲ್ಲಿ ಎರಡೂ ಸರಿಯಾಗಿದ್ದವು. ಯಂತ್ರವೂ ಚೆನ್ನ, ಮಾನಿಟರೂ ಚೆನ್ನ; ಇವೆರಡರ ನಡುವಣ ಒಪ್ಪಂದ ಮಾತ್ರ ತಪ್ಪಿದ್ದಿತು.

ಆ ಒಪ್ಪಂದವೇನೆಂಬುದನ್ನು ಯಜಮಾನರಿಗೆ ಹೊಲದ ಉಪಮಾನದಿಂದಲೇ ಹೇಳಿದೆನು. ಎಡದ ಬದುವಿನಿಂದ ಬಲದ ಬದುವಿಗೆ ಸಾಲು ಹೊಡೆದು, ನೇಗಿಲನ್ನೆತ್ತಿ ಬರಿದೆ ಹಿಂದಿರುಗಿ, ಮತ್ತೆ ಎಡದಿಂದಲೇ ಮುಂದಿನ ಸಾಲನ್ನು ಹಿಡಿಯುವ ರೈತನನ್ನು ನೆನೆಯಿರಿ. ಚಿತ್ರವೂ ತಂತಿಯಲ್ಲಿ ಹೀಗೆಯೇ ಸಾಲುಸಾಲಾಗಿ, ಸೆಕೆಂಡಿಗೆ 60 ಬಾರಿ ಹರಿದು ಬರುತ್ತದೆ. ಕಣ್ಣಿಗೆ ಕಾಣುವುದು ಸಾಲೊಂದಕ್ಕೆ 1920 ಚುಕ್ಕೆಗಳಾದರೂ, ಹಿಂದಿರುಗುವ ಬರಿಯ ಹೊತ್ತನ್ನು ಸೇರಿಸಿದರೆ ರೂಢಿಯ ಒಂದು ಲೆಕ್ಕದಲ್ಲಿ 2200 ಆಗುತ್ತದೆ. ಮತ್ತೊಂದು ಲೆಕ್ಕದಲ್ಲಿ 2080 ಮಾತ್ರ. ಈ ಬರಿಯ ಹೊತ್ತು ಹಳೆಯ ಗಾಜಿನ ಕೊಳವೆಯ ಮಾನಿಟರುಗಳಿಗೆ, ಕಿರಣವು ಹಿಂದಿರುಗಲು ಅವಶ್ಯವಾಗಿದ್ದಿತು. ಕೊಳವೆ ಹೋದರೂ ಪದ್ಧತಿ ಉಳಿಯಿತು.

ನೀಲಿ ತಲೆಯ, ಮೂರು ಸಾಲಿನಲ್ಲಿ 15 ಮುಳ್ಳುಗಳಿರುವ ತಂತಿಯು ವಿ.ಜಿ.ಎ. ಎಂಬ ಪದ್ಧತಿಗೆ ಸೇರಿದ್ದು. ಐ.ಬಿ.ಎಂ. ಸಂಸ್ಥೆಯು ಇದನ್ನು 1987ರಲ್ಲಿ ಬಳಕೆಗೆ ತಂದಿತು. ಇದರಲ್ಲಿ 'ಸಾಲು ಮುಗಿಯಿತು' ಎಂಬ ಸೂಚನೆ ಬರುವುದೇ ಹೊರತು, 'ಚಿತ್ರವು ಇಲ್ಲಿಂದ ಮೊದಲಾಯಿತು' ಎಂಬ ಸೂಚನೆಯಿಲ್ಲ. ಬದುವೆಲ್ಲಿ, ಬೆಳೆಯೆಲ್ಲಿ ಎಂಬುದನ್ನು ಮಾನಿಟರು ಊಹಿಸಿಕೊಳ್ಳಬೇಕು. ಹಿಂದಿನ ಯಂತ್ರದ ಅಳತೆಯನ್ನೇ ನೆನಪಿಟ್ಟುಕೊಂಡ ಮಾನಿಟರಿಗೆ ಹೊಸ ಯಂತ್ರವು ಬೇರೆ ಅಳತೆಯಲ್ಲಿ ಚಿತ್ರವನ್ನು ಕಳುಹಿಸಿದರೆ, ಚಿತ್ರವು ಪಕ್ಕಕ್ಕೆ ಸರಿಯದೆ ಇನ್ನೇನಾದೀತು?

ಹಾಗಾದರೆ 'ಆಟೋ' ಗುಂಡಿಯಿಂದ ಫಲವಾಗಲಿಲ್ಲವೇಕೆ? ಅದನ್ನು ಒತ್ತಿದಾಗ ಮಾನಿಟರು ಬೆಳಕು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂದು ಹುಡುಕಿ, ಅದನ್ನೇ ಚಿತ್ರದ ಅಂಚೆಂದು ತಿಳಿಯುತ್ತದೆ. ಹುಡುಗಿಯು ನಕ್ಷತ್ರಗಳುಳ್ಳ ಕರಿಯ ಆಕಾಶದ ಚಿತ್ರವನ್ನು ಹಿನ್ನೆಲೆಯಾಗಿ ಇಟ್ಟಿದ್ದಳು. ಅಂಚೇ ಕಪ್ಪಾಗಿರುವಲ್ಲಿ ಮಾನಿಟರಿಗೆ ಅಂಚು ತೋರುವ ಬಗೆ ಹೇಗೆ? ಆದಕಾರಣ ಬ್ರೌಸರಿನಲ್ಲಿ ಬಿಳಿಯ ಬರಿ ಪುಟವೊಂದನ್ನು ತೆರೆಯಿಸಿ, 'ಎಫ್ 11' ಕೀಲಿಯಿಂದ ಅದು ಪರದೆಯ ತುಂಬ ಹರಡುವಂತೆ ಮಾಡಿಸಿ, ಆ ಬಳಿಕ 'ಆಟೋ' ಒತ್ತೆಂದೆನು. ಮೂರು ನಾಲ್ಕು ಸೆಕೆಂಡುಗಳಲ್ಲಿ ಚಿತ್ರವು ತಾನಾಗಿ ಎಡಕ್ಕೆ ಸರಿದು ಚೌಕಟ್ಟಿನೊಳಗೆ ಕುಳಿತಿತು.

ಇದರಿಂದಲೂ ಸರಿಹೋಗದಿದ್ದರೆ, ಮೆನುವಿನಲ್ಲಿ ಅಡ್ಡ ಮತ್ತು ಉದ್ದದ ಸ್ಥಾನಗಳನ್ನು ಕೈಯಿಂದಲೇ ಬದಲಿಸಬಹುದು. ಅದಕ್ಕೂ ಮುಂಚೆ ವಿಂಡೋಸಿನ 'ಡಿಸ್‌ಪ್ಲೇ' ವಿಭಾಗದಲ್ಲಿ, ಶಿಫಾರಸು ಮಾಡಿದ 'ರೆಸಲ್ಯೂಷನ್' ಇದೆಯೇ ಎಂದು ನೋಡತಕ್ಕದ್ದು. ಮಾನಿಟರಿನ ಸಹಜವಾದ ಅಳತೆಯೇ ಅಲ್ಲಿಯೂ ಇರಬೇಕು.

ಹೊಸ ಎಚ್.ಡಿ.ಎಂ.ಐ. ತಂತಿಯಲ್ಲಿ ಚಿತ್ರದ ಮೊದಲು ಕೊನೆಗಳು ಅಂಕೆಗಳಲ್ಲಿಯೇ ಬರುವುದರಿಂದ ಈ ಊಹೆಯ ತೊಂದರೆಯಿಲ್ಲ. ಆದರೆ ಗಣಕಯಂತ್ರಕ್ಕೆ ಟೆಲಿವಿಷನ್ನನ್ನು ಜೋಡಿಸುವ ಮನೆಗಳಲ್ಲಿ ನಾಲ್ಕು ಅಂಚುಗಳೂ ಸಮನಾಗಿ ಕತ್ತರಿಸಿದಂತೆ ಕಾಣುವುದುಂಟು. ಕೊಳವೆಯ ಕಾಲದಲ್ಲಿ ಅಂಚಿನ ಓರೆಕೋರೆಗಳನ್ನು ಮುಚ್ಚಲೆಂದು ಚಿತ್ರವನ್ನು ಚೌಕಟ್ಟಿಗಿಂತ ತುಸು ದೊಡ್ಡದಾಗಿ ತೋರಿಸುತ್ತಿದ್ದರು. ಆ ರೂಢಿ ಇನ್ನೂ ಹಲವು ಟೆಲಿವಿಷನ್ನುಗಳಲ್ಲಿ ಉಳಿದಿದೆ. ಅದರ ಚಿತ್ರದ ಪಟ್ಟಿಯಲ್ಲಿ 'ಸ್ಕ್ರೀನ್ ಫಿಟ್', 'ಜಸ್ಟ್ ಸ್ಕ್ಯಾನ್' ಮುಂತಾದ ಹೆಸರಿರುವುದನ್ನು ಆರಿಸಿದರೆ ಅಂಚುಗಳು ಹಿಂದಿರುಗುತ್ತವೆ.

ಒಂದೆರಡು ಎಚ್ಚರಿಕೆಗಳು. ಚಿತ್ರ ಸರಿಯದೆ ಬಣ್ಣವೇ ಕೆಟ್ಟು, ಎಲ್ಲವೂ ಹಳದಿಯಾಗಿಯೋ ನೀಲಿಯಾಗಿಯೋ ತೋರಿದರೆ ತಂತಿಯ ಮುಳ್ಳು ಬಾಗಿರಬಹುದು, ಅಥವಾ ತಂತಿ ಸಡಿಲವಾಗಿರಬಹುದು. ಯಂತ್ರವನ್ನು ಆರಿಸಿ, ಪಕ್ಕದ ತಿರುಪುಗಳನ್ನು ಬಿಗಿಮಾಡಬೇಕು. ಎರಡು ಪರೀಕ್ಷೆಗಳಲ್ಲಿ ಯಾವುದೊಂದು ತಪ್ಪಿದರೂ ಮಾರಾಟಗಾರರಲ್ಲಿಗೆ ಒಯ್ಯುವುದೇ ಸರಿ. ಹಳೆಯ ಕೊಳವೆ ಮಾನಿಟರು ಮನೆಯಲ್ಲಿದ್ದರೆ ಅದರ ಬೆನ್ನನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಆರಿಸಿದ ಮೇಲೆಯೂ ಅದರೊಳಗೆ ಪ್ರಾಣಾಪಾಯಕರವಾದ ವಿದ್ಯುತ್ತು ನಿಂತಿರುತ್ತದೆ.

ಅಂದು ರಾತ್ರಿ ಹತ್ತು ಗಂಟೆಯೊಳಗೆ ಅರ್ಜಿಯು ಹೋಯಿತು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಂತಿ ಸಿಕ್ಕಿಸಿದ್ದು ಸರಿಯಾಗಿಯೇ ಇತ್ತಲ್ಲವೇ ಮೇಷ್ಟ್ರೇ?" ಎಂದು ಕೇಳಿದರು. "ಸರಿಯಾಗಿಯೇ ಇತ್ತು" ಎಂದೆನು. "ಏಳವ್ವ, ಊಟ ಮಾಡು" ಎಂದು ತಾವೇ ಹೋಗಿ ಮಗಳಿಗೆ ತಟ್ಟೆ ಹಾಕಿದರು.