ಸವೆದ ಥ್ರೆಡ್ಡಿಗಾಗಿ ಹೌಸಿಂಗನ್ನೇ ಎಸೆಯಬೇಕೆ?

ಜೀಪಿನ ಡಿಫರೆನ್ಷಿಯಲ್‌ನಿಂದ ಎಣ್ಣೆ ಜಿನುಗುವುದನ್ನು ಮಲೆನಾಡಿನಲ್ಲಿ ಯಾರೂ ರೋಗವೆಂದು ಎಣಿಸುವುದಿಲ್ಲ. ಮುಚ್ಚಳದ ಬೋಲ್ಟನ್ನು ಇನ್ನಷ್ಟು ಬಿಗಿದರಾಯಿತು. ಅದಕ್ಕೂ ನಿಲ್ಲದಿದ್ದರೆ ಸ್ಪ್ಯಾನರಿಗೆ ಪೈಪು ತೊಡಿಸಿ ಬಿಗಿಯುವುದು. ಒಂದು ದಿನ ಬೋಲ್ಟು ಬಿಗಿಯಾಗುವ ಬದಲು ಸುಮ್ಮನೆ ತಿರುಗತೊಡಗುತ್ತದೆ. ಥ್ರೆಡ್ ಹೋಯಿತು, ಹೌಸಿಂಗ್ ಬದಲಾಯಿಸಿ ಎಂಬ ತೀರ್ಪು ಗ್ಯಾರೇಜಿನಿಂದ ಹೊರಬೀಳುತ್ತದೆ.

ಬಹುತೇಕ ಸಂದರ್ಭಗಳಲ್ಲಿ ಈ ತೀರ್ಪು ತಪ್ಪು. ಕೆಟ್ಟಿರುವುದು ಬೆರಳ ಗಾತ್ರದ ಒಂದು ರಂಧ್ರ. ಎಸೆಯಲು ಹೊರಟಿರುವುದು ಎರಕದ ಕಬ್ಬಿಣದ ಇಡೀ ಕವಚವನ್ನು. ಕಬ್ಬಿಣ ಎಲ್ಲಿಂದ ಬರುತ್ತದೆಂದು ಕುದುರೆಮುಖದ ಆಸುಪಾಸಿನವರಿಗೆ ವಿವರಿಸಬೇಕಾಗಿಲ್ಲ. ಭದ್ರೆಯ ಮೂಲದಲ್ಲಿ ನಡೆಯುತ್ತಿದ್ದ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಅಂತ್ಯಕ್ಕೆ ನಿಂತಿತು. ಅದಿರಿನ ಬೇಡಿಕೆ ನಿಲ್ಲಲಿಲ್ಲ. ಅದು ಬೇರೊಂದು ಬೆಟ್ಟವನ್ನು ಹುಡುಕಿಕೊಂಡು ಹೋಯಿತು.

ಹಾಗೆಂದು ಎಂ-ಸೀಲ್ ಮೆತ್ತಿ ಓಡಿಸುವುದು ಮಿತವ್ಯಯವೂ ಅಲ್ಲ, ಪರಿಸರಪ್ರೇಮವಂತೂ ಅಲ್ಲವೇ ಅಲ್ಲ. ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸಿದ ಗೇರ್ ಎಣ್ಣೆ ಹನಿಹನಿಯಾಗಿ ರಸ್ತೆಗೆ ಬಿದ್ದು, ಮಳೆನೀರಿನೊಡನೆ ಹಳ್ಳ ಸೇರುತ್ತದೆ. ಅಬ್ಬಿ ನೀರನ್ನೇ ನಂಬಿದ ಮನೆಗಳು ಆ ರಸ್ತೆಯ ಕೆಳಗೇ ಇರುತ್ತವೆ. ಇನ್ನು ಎಣ್ಣೆ ಬತ್ತಿದ ಕ್ರೌನ್-ಪಿನಿಯನ್ ಘಾಟಿಯ ತಿರುವಿನಲ್ಲಿ ಕಚ್ಚಿಕೊಂಡರೆ ಹೋಗುವುದು ಯಂತ್ರ ಮಾತ್ರವಲ್ಲ.

ಸರಿಯಾದ ದುರಸ್ತಿ ಕಷ್ಟದ್ದಲ್ಲ. ಬೋಲ್ಟು 10 ಮಿ.ಮೀ., ಪಿಚ್ 1.5 ಆಗಿದ್ದರೆ ಹಾಳಾದ ರಂಧ್ರವನ್ನು ಸುಮಾರು 10.4 ಮಿ.ಮೀ.ಗೆ ಕೊರೆದು, ಅದಕ್ಕೆಂದೇ ತಯಾರಾದ ಟ್ಯಾಪ್ ಹೊಡೆದು, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿಯನ್ನು ತಿರುಗಿಸಿ ಕೂರಿಸಬೇಕು. ಹೆಲಿಕಾಯಿಲ್ ಎಂಬುದು ಅದರ ರೂಢಿಯ ಹೆಸರು. ಹಳೆಯ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ. ಹಳೆಯ ಜೀಪುಗಳಲ್ಲಿ ಇಂಚಿನ ಥ್ರೆಡ್ ಇರುವುದುಂಟು, ಅಳೆಯದೆ ಕೊರೆಯಬಾರದು. ಟ್ಯಾಪಿಗೆ ಗ್ರೀಸ್ ಸವರಿದರೆ ಲೋಹದ ಚೂರು ಅದಕ್ಕೇ ಅಂಟಿಕೊಳ್ಳುತ್ತದೆ. ಒಳಗೆ ಬಿದ್ದ ಒಂದೇ ಚೂರು ಬೇರಿಂಗನ್ನು ತಿನ್ನಬಲ್ಲದು. ಮಾರುತಿ 800ರಂತಹ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಅಲ್ಯುಮಿನಿಯಂ ಕವಚದೊಳಗೇ ಇರುತ್ತದೆ. ಮೆದು ಲೋಹವಾದ್ದರಿಂದ ಅಲ್ಲಿ ಥ್ರೆಡ್ ಬೇಗ ಕಿತ್ತುಬರುತ್ತದೆ. ಸುರುಳಿ ಕೂರಿಸಿದ ಮೇಲೆ ಅದು ಮೊದಲಿಗಿಂತ ಗಟ್ಟಿಯಾಗುವುದೂ ಉಂಟು. ಕವಚ ಸೀಳಿದ್ದರೆ, ಅಥವಾ ಹೋಗಿರುವುದು ಬೇರಿಂಗ್ ಕ್ಯಾಪಿನ ಥ್ರೆಡ್ ಆಗಿದ್ದರೆ ಮಾತು ಬೇರೆ. ಅಲ್ಲಿ ಗೇರುಗಳ ಪೂರ್ತಿ ಒತ್ತಡ ಬೀಳುವುದರಿಂದ ನುರಿತ ಲೇತ್ ಕೆಲಸದವರೇ ನೋಡಿ ಹೇಳಬೇಕು.

ಆದರೆ ಮೂಲಕಾರಣವನ್ನು ಬಿಟ್ಟು ರಂಧ್ರವನ್ನಷ್ಟೇ ಸರಿಪಡಿಸಿದರೆ ಫಲವಿಲ್ಲ. ಹೌಸಿಂಗಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ಉಸಿರುಗೊಳವೆಯಿದೆ. ಕೆಸರಿನಿಂದ ಅದು ಕಟ್ಟಿಕೊಂಡರೆ, ಓಡಿ ಬಿಸಿಯಾದ ಕವಚದೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಗ್ಯಾಸ್ಕೆಟ್, ಸೀಲುಗಳ ಸಂದಿಯಿಂದ ಹೊರದೂಡುತ್ತದೆ. ಸೋರಿಕೆಯ ಗುಟ್ಟು ಇಲ್ಲಿದ್ದರೆ ಬೋಲ್ಟಿಗೆ ಶಿಕ್ಷೆ ಏಕೆ? ಮಳೆಗಾಲ ಮುಗಿದೊಡನೆ ಅದನ್ನು ಬಿಡಿಸಿ ತೊಳೆಯುವುದು ಐದು ನಿಮಿಷದ ಕೆಲಸ.

ದುರಸ್ತಿಯ ಹಕ್ಕಿಗೆ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿಯನ್ನು ನೇಮಿಸಿತು. ವಾಹನಗಳೂ ಅದರ ವ್ಯಾಪ್ತಿಗೆ ಬಂದವು. ಒಳ್ಳೆಯದೇ. ಆದರೆ ಯಾವ ಬೋಲ್ಟಿಗೆ ಎಷ್ಟು ಬಿಗಿತವೆಂಬ ಅಂಕಿ ಮೆಕ್ಯಾನಿಕ್ಕಿನ ಕೈಗೇ ಬಾರದಿದ್ದರೆ ಆ ಹಕ್ಕಿನಿಂದ ಪ್ರಯೋಜನವೇನು? ತಯಾರಕರು ಅದನ್ನು ಕನ್ನಡದಲ್ಲಿಯೂ ಪ್ರಕಟಿಸಲಿ. ಜೀಪು ಮಾಲೀಕರು ಸೇರಿ ತಾಲ್ಲೂಕಿಗೊಂದು ಟಾರ್ಕ್ ಸ್ಪ್ಯಾನರ್, ಒಂದು ಹೆಲಿಕಾಯಿಲ್ ಸೆಟ್ ಕೊಂಡಿಡಲಿ. ಬೇಕಾದವರು ಬಾಡಿಗೆ ಕೊಟ್ಟು ಒಯ್ಯಲಿ.