ಕಾಲಿನ ಬೈಪಾಸ್‌ಗೂ ಮೇಂಟೆನೆನ್ಸ್ ಬೇಕು

ಬೈಪಾಸ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಹೃದಯ. ಆದರೆ ಕಾಲಿಗೂ ಬೈಪಾಸ್ ಮಾಡ್ತಾರೆ. ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನಿಂದ ತೊಡೆಯ ಅಪಧಮನಿ ಕಟ್ಟಿಕೊಂಡಾಗ, ರೋಗಿಯದೇ ಅಭಿಧಮನಿಯನ್ನೋ ಪಿಟಿಎಫ್ಇ ಕೊಳವೆಯನ್ನೋ ಜೋಡಿಸಿ ರಕ್ತಕ್ಕೆ ಬೇರೆ ದಾರಿ ಮಾಡಿಕೊಡ್ತಾರೆ.

ಆ ದಾರಿಯೂ ಮುಚ್ಚಿಹೋದರೆ? ಮೊದಲ ತಿಂಗಳಲ್ಲೇ ಮುಚ್ಚಿದರೆ ಕಾರಣ ಹೆಚ್ಚಾಗಿ ಜೋಡಣೆಯ ದೋಷ. ಸುಮಾರು 2 ವರ್ಷದೊಳಗೆ ಆದರೆ, ಜೋಡಿಸಿದ ಕಡೆ ನಾಳದ ಒಳಪದರ ದಪ್ಪವಾಗಿರುತ್ತೆ. ಆಮೇಲಾದರೆ ಮೂಲ ಕಾಯಿಲೆಯೇ ಮುಂದುವರಿದಿರುತ್ತೆ. ರಿಲಯಬಿಲಿಟಿ ಪಾಠ ಓದಿದವರಿಗೆ ಇದು ಹೊಸದೇನಲ್ಲ ಅಲ್ವಾ?

ಮುಚ್ಚಿದ ಮೇಲೂ ದಾರಿಗಳಿವೆ. ಕ್ಯಾತಿಟರ್ ಮೂಲಕ ಔಷಧಿ ಬಿಟ್ಟು ಹೆಪ್ಪು ಕರಗಿಸಬಹುದು, ಬಲೂನಿನಿಂದ ಹೆಪ್ಪನ್ನು ಎಳೆದು ತೆಗೆಯಬಹುದು, ಹಳೆಯ ಅಪಧಮನಿಯನ್ನೇ ಬಲೂನು-ಸ್ಟೆಂಟ್ ಹಾಕಿ ತೆರೆಯಬಹುದು. ಕಾಲಿನ ಅಭಿಧಮನಿ ಖರ್ಚಾಗಿದ್ದರೆ ಕೈಯಿಂದ ತೆಗೆದು ಮತ್ತೆ ಬೈಪಾಸ್ ಮಾಡಬಹುದು. ಆದರೆ ಎರಡನೇ ಸಲ ಎಲ್ಲವೂ ಕಷ್ಟ: ಹಳೇ ಗಾಯದ ಕಲೆ, ಕಡಿಮೆ ಉಳಿದ ನಾಳಗಳು. ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ಸಿಗೋ ಸಮಯ ಸುಮಾರು 6 ಗಂಟೆ ಮಾತ್ರ. ತಡವಾದರೆ ಕಾಲನ್ನೇ ಕತ್ತರಿಸಬೇಕಾಗಬಹುದು.

ಅದಕ್ಕೇ ನನ್ನ ವಾದ: ಮುಚ್ಚಿದ ಬೈಪಾಸನ್ನು ತೆರೆಯೋದಕ್ಕಿಂತ, ಮುಚ್ಚುತ್ತಿರುವುದನ್ನು ಮೊದಲೇ ಹಿಡಿಯೋದು ಜಾಣತನ. ಪ್ವಾಸೇಯ್ ಸೂತ್ರ ನೆನಪಿದೆಯಾ? ಒತ್ತಡ, ಉದ್ದ ಅಷ್ಟೇ ಇದ್ದು ವ್ಯಾಸ ಅರ್ಧವಾದರೆ ಹರಿವು 16ರಲ್ಲಿ 1 ಭಾಗಕ್ಕೆ ಇಳಿಯುತ್ತೆ. ದೇಹದ ಲೆಕ್ಕ ಇಷ್ಟು ಸರಳವಲ್ಲ, ಆದರೂ ಪಾಠ ಅದೇ: ಸ್ವಲ್ಪ ಕಿರಿದಾದಾಗಲೇ ಗೊತ್ತಾಗಬೇಕು. ಇದಕ್ಕೆ ಡ್ಯೂಪ್ಲೆಕ್ಸ್ ಸ್ಕ್ಯಾನ್ ಇದೆ. ಇನ್ನೂ ಸರಳವಾದದ್ದು ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸೋದು. 0.9ಕ್ಕಿಂತ ಕಡಿಮೆ ಬಂದರೆ ಕಾಯಿಲೆಯ ಸೂಚನೆ. ಬೈಪಾಸ್ ಆದವರಲ್ಲಿ ಹಿಂದಿನ ಅಳತೆಗಿಂತ 0.15ಕ್ಕೂ ಹೆಚ್ಚು ಕುಸಿದರೆ ಎಚ್ಚರಿಕೆಯ ಗಂಟೆ. ಬೇಕಾಗೋದು ಒಂದು ಬಿಪಿ ಪಟ್ಟಿ, ಕೈಯಲ್ಲಿ ಹಿಡಿಯೋ ಡಾಪ್ಲರ್ ಅಷ್ಟೇ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಟ್ಟಿಯಾಗಿ ಅಳತೆ ಸುಳ್ಳು ಹೇಳೋದೂ ಉಂಟು. ಆಗ ಕಾಲ್ಬೆರಳಿನ ಒತ್ತಡ ನೋಡಬೇಕು.

ಗೆಳೆಯರೇ, ಇದು ನಮ್ಮ ಕೆಲಸ ಅಲ್ಲ ಅನ್ನಬೇಡಿ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಪ್ರತಿ ವರ್ಷ ಗೆರೆ ಹಿಡಿದು ಓಡೋ ರೋಬೋ ಮಾಡ್ತೀವಿ. ಅದರ ಬದಲು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಒಬ್ಬರೇ ಬಳಸಬಹುದಾದ, ಕಾಲ್ಬೆರಳಿನ ಒತ್ತಡ ಅಳೆಯೋ ಅಗ್ಗದ ಸಾಧನಕ್ಕೆ ಒಂದು ತಂಡವಾದರೂ ಕೈ ಹಾಕಲಿ. ಸೇತುವೆ ಕಟ್ಟಿದವನಿಗೆ ಹಾರ ಹಾಕ್ತೀವಿ, ಅದರ ಬಿರುಕು ನೋಡ್ತಾ ಕೂತವನನ್ನು ಮರೀತೀವಿ. ಕಾಲು ಉಳಿಸೋದು ಎಷ್ಟೋ ಸಲ ಆ ಎರಡನೆಯವನು.